ಹೊಳಪು ತೆಗೆಯುವ ರವೂಫ್

ಕೋಡಿಂಬಾಳದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪರಮೇಶ್ವರಿಯವರ ಹೊಸ ಮನೆಯ ಬಾತ್‌ರೂಮಿನಲ್ಲಿ ರವೂಫ್ ಲುಂಗಿ ಎತ್ತಿ ಕಟ್ಟಿ ಕುಕ್ಕರುಗಾಲಿನಲ್ಲಿ ಕುಳಿತಿದ್ದಾರೆ. ಕರೆಂಟು ಗಟ್ಟಿಯಾಗಿರುವುದು ಈ ಹೊತ್ತಿನಲ್ಲೇ. ಊರು ಎದ್ದು ಪಂಪು ಹಾಕಿತೆಂದರೆ ಕಲ್ಲು ಉಜ್ಜುವ ಮೆಶಿನು ಮುಲುಗತೊಡಗುತ್ತದೆ. ನೀರು ಸುರಿಯುತ್ತಾರೆ, ಉಜ್ಜುತ್ತಾರೆ, ಬೂದು ಕೆಸರನ್ನು ಬಳಿದು ಮತ್ತೆ ಉಜ್ಜುತ್ತಾರೆ.

ಹಾಲ್‌ನ ನೆಲ ನಿನ್ನೆಯೇ ಮುಗಿದಿದೆ. ಅದರೊಳಗೆ ಫ್ಯಾನು ತಿರುಗುವುದೂ ಕಾಣುತ್ತದೆ. ಆದರೆ ಅಂಗಡಿಯಿಂದ ಮಿರಿಮಿರಿ ಮಿಂಚುತ್ತ ಬಂದ ಬಾತ್‌ರೂಮಿನ ಕರಿ ಗ್ರಾನೈಟು ಅವರ ಕೈಯಲ್ಲಿ ಮಂಕಾಗುತ್ತಿದೆ. ಚಹಾ ತಂದ ಪರಮೇಶ್ವರಿಯವರ ಮುಖವೂ ಜೊತೆಗೇ ಮಂಕಾಗುತ್ತದೆ.

"ಇದೆಂತ ಮಾರಾಯ್ರೆ, ಪಾಲಿಶ್ ಮಾಡ್ಲಿಕ್ಕೆ ಕರೆದ್ರೆ ಇದ್ದ ಪಾಲಿಶನ್ನೂ ತೆಗೆಯುದಾ?"

"ಸ್ನಾನದ ಜಾಗ ಅಲ್ವಾ ಅಕ್ಕ. ಇಲ್ಲಿ ಮುಖ ಕಾಣುದು ಬೇಡ, ಕಾಲು ನಿಂತ್ರೆ ಸಾಕು."

ಸಾಬೂನಿನ ನೀರು ಚೆಲ್ಲಿ, ಬರಿಗಾಲಲ್ಲಿ ಅದರ ಮೇಲೆ ನಿಂತು ಹಿಮ್ಮಡಿಯನ್ನು ಜೋರಾಗಿ ಒತ್ತುತ್ತಾರೆ. ಕಾಲು ಕೊಂಚ ಜಾರುತ್ತದೆ. ಮತ್ತೆ ಕೂರುತ್ತಾರೆ.

ನರಿಮೊಗರಿನ ರವೂಫ್ ಈ ಕೆಲಸ ಕಲಿತದ್ದು ಪುತ್ತೂರಿಗೆ ಬಂದಿದ್ದ ರಾಜಸ್ಥಾನದವರ ಜೊತೆ ಸೇರಿ. ಗಲ್ಫಿನವರ ಬಂಗಲೆ, ಸುಳ್ಯದ ಕಲ್ಯಾಣ ಮಂಟಪ, ಮಸೀದಿಯ ಜಗಲಿ, ಎಲ್ಲವನ್ನೂ ಕನ್ನಡಿ ಮಾಡಿದ್ದಾರೆ. ಕಲ್ಲಿನ ಜೊತೆ ಬೆರಳ ಗೆರೆಗಳೂ ಸವೆದಿವೆ. ರೇಷನ್ ಅಂಗಡಿಯ ಮೆಶಿನು ಇವರ ಹೆಬ್ಬೆರಳನ್ನು ಗುರುತಿಸಲು ಒಪ್ಪುವುದಿಲ್ಲ.

ನಾಲ್ಕು ವರ್ಷದ ಹಿಂದೆ, ಅಲ್ಲಿ ಇಲ್ಲಿ ಉಳಿದ, ಪಾಲಿಶ್ ಆಗದ ಗ್ರಾನೈಟು ತಂದು ತನ್ನ ಮನೆಯ ಬಚ್ಚಲಿಗೂ ಹಾಸಿದರು. ದಿನದ ಕೆಲಸ ಮುಗಿಸಿ ಬಂದು ಸಂಜೆ ಸಂಜೆ ಉಜ್ಜಿದರು. ತಾಯಿ ಹವ್ವಮ್ಮನಿಗೆ ಹಿಗ್ಗೋ ಹಿಗ್ಗು. ಬಚ್ಚಲು ತೋರಿಸಲೆಂದೇ ನೆರೆಹೊರೆಯವರನ್ನು ಚಹಾಕ್ಕೆ ಕರೆದವರು ಊರಿನಲ್ಲಿ ಅವರೊಬ್ಬರೇ ಇರಬೇಕು. ಒಂದು ಮುಂಜಾವ, ನಮಾಝಿಗೆಂದು ಕೈಕಾಲು ತೊಳೆಯಲು ಹೋದವರು ಅದೇ ನೆಲದ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆದರೂ ಮತ್ತೆ ಎದ್ದು ನಿಂತಿಲ್ಲ.

ತಾಯಿ ಆಸ್ಪತ್ರೆಯಲ್ಲಿದ್ದಾಗಲೇ ರವೂಫ್ ಮನೆಗೆ ಬಂದು ಮೆಶಿನು ಹಿಡಿದರು. "ಹೊಳಪು ತರ್ಲಿಕ್ಕೆ ಒಂದು ತಿಂಗಳು ಬೇಕಾಯ್ತು. ತೆಗೀಲಿಕ್ಕೆ ಅರ್ಧ ದಿನ ಸಾಕಾಯ್ತು," ಎನ್ನುತ್ತಾರೆ. ಹೇಳುವಾಗ, ಅವರ ಕೆಲಸದ ಬಗ್ಗೆ ಬರೆಯಲು ಬಂದ ನಮ್ಮ ಮುಖ ನೋಡುವುದಿಲ್ಲ.

ಇದು ಹವ್ವಮ್ಮನಿಗೆ ಗೊತ್ತಿಲ್ಲ. ಮಂಚದಲ್ಲಿ ಮಲಗಿಕೊಂಡೇ, ಬಂದವರಿಗೆಲ್ಲ ಈಗಲೂ ಬಚ್ಚಲಿನ ಹೊಳಪಿನ ಸುದ್ದಿ ಹೇಳುತ್ತಾರೆ. "ನನ್ನ ಕಾಲೇ ಸರಿ ಇಲ್ಲ. ನೆಲದ್ದು ಎಂತ ತಪ್ಪುಂಟು?" ಎನ್ನುತ್ತಾರೆ. ಬೈದಿದ್ದರೆ ರವೂಫ್ ಹೇಗೋ ತಡೆದುಕೊಳ್ಳುತ್ತಿದ್ದರು. ಈ ಮಾತು ಕೇಳಿದಾಗ ಮಾತ್ರ ಎದ್ದು ಹೊರಗೆ ಹೋಗುತ್ತಾರೆ.

ಅಂದಿನಿಂದ ಯಾರ ಬಾತ್‌ರೂಮಿಗೂ ಅವರು ಕನ್ನಡಿ ಹೊಳಪು ಕೊಟ್ಟಿಲ್ಲ. ಮರ್ಕಂಜದಲ್ಲಿ ಮನೆ ಯಜಮಾನರು ಹಟ ಹಿಡಿದಾಗ, ಅರ್ಧ ಕೆಲಸ ಬಿಟ್ಟು ಮೆಶಿನು ಹೊತ್ತುಕೊಂಡು ಬಂದರು. ಕಂಟ್ರಾಕ್ಟರುಗಳು ಇವರಿಗೆ 'ಕಿರಿಕ್' ಎಂದು ಹೆಸರಿಟ್ಟಿದ್ದಾರೆ, ಫೋನು ಮಾಡುವುದು ಕಡಿಮೆಯಾಗಿದೆ.

ಕೋಡಿಂಬಾಳದಲ್ಲಿ ಬಿಸಿಲು ಏರುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಪರಮೇಶ್ವರಿಯವರು ಸೀರೆ ಎತ್ತಿಕೊಂಡು, ಸಾಬೂನಿನ ನೀರಿನಲ್ಲಿ ಅಂಜುತ್ತಲೇ ಕಾಲಿಡುತ್ತಾರೆ. "ಹ್ಞಾಂ, ನಿಲ್ತದೆ," ಎನ್ನುತ್ತಾರೆ. ರವೂಫ್ ತಣ್ಣಗಾದ ಚಹಾ ಎತ್ತಿಕೊಳ್ಳುತ್ತಾರೆ.

ಸಂಜೆ ನರಿಮೊಗರಿನ ಮನೆಯಲ್ಲಿ ಹವ್ವಮ್ಮ ಮಗನನ್ನು ಕೇಳುವ ಪ್ರಶ್ನೆ ದಿನವೂ ಒಂದೇ.

"ಇವತ್ತಿನ ನೆಲ ನಮ್ಮ ಬಚ್ಚಲಿನಷ್ಟು ಹೊಳೀತದಾ?"

"ಇಲ್ಲ ಉಮ್ಮ. ಅಷ್ಟಿಲ್ಲ."

ಹೊರಗೆ ಜಗಲಿಗೆ ಬಂದಾಗ, ಇದನ್ನೆಲ್ಲ ಬರೆಯಬಹುದೇ ಎಂದು ಕೇಳುತ್ತೇವೆ. "ಬರೀರಿ. ಉಮ್ಮನಿಗೆ ಓದ್ಲಿಕ್ಕೆ ಬರುದಿಲ್ಲ. ಯಾರೂ ಓದಿ ಹೇಳದಿದ್ರೆ ಆಯ್ತು," ಎನ್ನುತ್ತಾರೆ. ಒಳಗೆ ಕೇಳಿಸದಂತೆ ದನಿ ತಗ್ಗಿಸುತ್ತಾರೆ.

"ನನಗೆ ಒಂದೇ ಆಸೆ ಇರುದು. ಉಮ್ಮ ಒಮ್ಮೆ ಅವರಷ್ಟಕ್ಕೇ ನಡೆದು ಬಚ್ಚಲಿಗೆ ಹೋಗ್ಬೇಕು. ನೆಲ ನೋಡಿ, ಹೊಳಪು ಎಂತಕ್ಕೆ ತೆಗೆದದ್ದು ಅಂತ ನನಗೆ ಸಮಾ ಬೈಬೇಕು."