ಸೈಕಲ್ ಗಂಟೆಯವರೆಗಿನ ಸಿನಿಮಾ

ಮಹಾಜನರೇ, ತಪ್ಪೊಪ್ಪಿಕೊಳ್ಳುತ್ತೇನೆ. ನಿನ್ನೆ ಹೆಂಡತಿ ಸ್ನಾನಕ್ಕೆ ಹೋದಾಗ ಅವಳ ಮೊಬೈಲ್ ಕದ್ದು ಒಂದು ಹಳೆಯ ಸಿನಿಮಾ ನೋಡಿದೆ. ಗಂಡಂದಿರು ಯುದ್ಧಕ್ಕೆ ಹೋದ ಊರಿನಲ್ಲಿ ಹೆಂಗಸರು ಹಾಡುತ್ತ ಸಮವಸ್ತ್ರ ಹೊಲಿಯುವ ಕಥೆ. ಹೊಲಿಗೆಗೊಂದು ಹಾಡು. ದಾಂಡೇಲಿಯಿಂದ ಮುಂಡಗೋಡದವರೆಗೆ ಆ ಸಿನಿಮಾವನ್ನು ನನ್ನಷ್ಟು ಬಲ್ಲವರಿಲ್ಲ ಎಂಬುದು ನನ್ನ ಹಳೆಯ ಜಂಬ.

ನಾನು ಹುಡುಗನಾಗಿದ್ದಾಗ ಅದನ್ನು ಹಳಿಯಾಳದ ಟೆಂಟಿನಲ್ಲಿ ಮತ್ತೆ ಮತ್ತೆ ತೋರಿಸಿದವಳು ನನ್ನ ಚಿಕ್ಕಮ್ಮ, ಕಾಕು. ಅವಳ ಗಂಡ, ನಮ್ಮ ಕಾಕಾ, ಫೌಜಿನಲ್ಲಿ, ಗಡಿಯಲ್ಲಿದ್ದ. ಅವಳ ಸೆರಗಿನ ಗಂಟಿನಲ್ಲಿ ಬಿಸಿ ಶೇಂಗಾ. ಪರದೆಯ ಮೇಲೆ ಸಾವಿನ ತಂತಿ ತರುವವನ ಸೈಕಲ್ ಗಂಟೆ ಕೇಳಿದ್ದೇ ತಡ, ಫೌಜಿಗಳ ಹೆಂಡಿರೆಲ್ಲ ಒಟ್ಟಿಗೆ ಎದ್ದು ಹೊರಗೆ ನಡೆಯುತ್ತಿದ್ದರು.

“ಕಾಕು, ಇನ್ನೂ ಹಾಡು ಅದಾವು.”

“ನಡಿಯೋ ಶಾಣ್ಯಾ. ಕುಂತು ಕೇಳಿದ್ರ ಆ ಗಂಟಿ ನಮ್ಮನಿ ದಾರಿ ಕಲೀತೈತಿ.”

ಒಂದು ಮಧ್ಯಾಹ್ನ ಅದು ತಾನಾಗಿಯೇ ದಾರಿ ಕಲಿತು ಬಂತು. ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದ ಕಾಕು ತಲೆ ಎತ್ತಲಿಲ್ಲ. ಬುಟ್ಟಿ ಬರಿದಾದ ಮೇಲೆಯೇ, ಕಾದು ನಿಂತಿದ್ದ ತಂತಿಯವನತ್ತ ಕೈ ಚಾಚಿದಳು.

ನಿನ್ನೆಯೂ ಸಿನಿಮಾದಲ್ಲಿ ಆ ಗಂಟೆ ಕೇಳಿಸಿತು. ಮೊಬೈಲನ್ನು ಬೋರಲು ಹಾಕಿ ಹೊರಗೆ ಬಂದುಬಿಟ್ಟೆ. ಸಿನಿಮಾದ ಕೊನೆ ಏನಾಗುತ್ತದೆಂದು ಬಲ್ಲವರು ದಯವಿಟ್ಟು ಹೇಳಬೇಡಿ. ನಾನು ಇವತ್ತಿಗೂ ನೋಡಿಲ್ಲ.