ಕಾಲ್ಗುಣ ಮತ್ತು ಕಲಗಚ್ಚು

ನಿಟ್ಟೂರಿನ ನನ್ನ ತಂಗಿಯ ಮನೆಗೆ ಕುಣಿಗಲ್‌ನಿಂದ ಸೊಸೆ ಬಂದಳು. ಬೀಗರ ಊಟದ ಮರುದಿನವೇ ಮನೆಯ ಹಸು ಮೇವು ಬಿಟ್ಟು ಮಲಗಿತು. ಹುಡುಗಿಯ ಕಾಲ್ಗುಣ ಸರಿಯಿಲ್ಲ ಎಂಬ ಗುಸುಗುಸು ಶುರುವಾಯಿತು.

ನಾನು ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಮಾಲು ತಪಾಸಣೆ ಮಾಡಿ ನಿವೃತ್ತನಾದವನು. ತಪ್ಪು ಕಂಡರೆ ಮೊದಲಿನಿಂದ ಒಂದೊಂದೇ ನೋಡಿಕೊಂಡು ಬರುವುದು ಅಭ್ಯಾಸ. ಸುದ್ದಿ ತಿಳಿದು ನಿಟ್ಟೂರಿಗೆ ಹೋದವನೇ ಹಸುವಿಗೆ ಏನು ಹಾಕಿದ್ದಿರಿ ಎಂದು ಕೇಳಿದೆ.

"ಮಿಕ್ಕಿದ್ ಅನ್ನ, ಪಾಯಸ ಎಲ್ಲಾ ಕಲಗಚ್ಚಿಗೆ ಸುರಿದ್ವಿ. ಚೆಲ್ಲಕ್ಕಾಯ್ತದಾ? ಪುಣ್ಯದ ಕೆಲ್ಸ ಕಣಣ್ಣ," ಎಂದಳು ತಂಗಿ.

ನನಗೆ ಬಂದ ಅನುಮಾನವನ್ನೇ ಪಶುವೈದ್ಯರೂ ಹೇಳಿದರು: ಅನ್ನ ಹೊಟ್ಟೆಯಲ್ಲಿ ಹುಳಿಯಾಗಿದೆ. ಔಷಧಿ ಕುಡಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದೇ ಸಂಜೆ ತಂಗಿ ಸೊಸೆಯನ್ನು ತವರಿಗೆ ಕಳಿಸಿಬಿಟ್ಟಳು. ಔಷಧಿ ನಾಟಿ ಹಸು ಎದ್ದು ಮೆಲುಕು ಹಾಕಿತು.

"ನೋಡ್ದಾ? ಅವ್ಳು ಹೋದ್ಲು, ಹಸ ಎದ್ಬುಡ್ತು."

"ಔಷಧಿ?"

"ಅದೊಂದು ನೆಪ ಬುಡು."

ಹುಡುಗಿ ಬಂದದ್ದೂ ಅನ್ನ ಸುರಿದದ್ದೂ ಒಟ್ಟಿಗೆ. ಹೋದದ್ದೂ ಔಷಧಿ ಕುಡಿಸಿದ್ದೂ ಒಟ್ಟಿಗೆ. ಎರಡನ್ನೂ ಬಿಡಿಸಿ ನೋಡದೆ ಕಾರಣ ಯಾವುದೆಂದು ಹೇಳುವುದು ಹೇಗೆ? ಹಿಂದೆ ತಂಗಿಯ ಮಗಳ ಕೂಸಿನ ನಾಮಕರಣದಲ್ಲೂ ಹೀಗೇ ಅನ್ನ ಸುರಿದು ಹಳೆಯ ಹಸು ಮಲಗಿತ್ತು. ಆಗ ಆ ಮನೆಗೆ ಸೊಸೆಯೇ ಬಂದಿರಲಿಲ್ಲ. ಅದನ್ನು ನೆನಪಿಸಿದರೆ, "ಆಗ ಕಣ್ಣು ಬಿದ್ದಿತ್ತು" ಎಂದಳು. ಹುಡುಗಿಯನ್ನು ಕರೆಸು, ಅನ್ನ ಮಾತ್ರ ಹಾಕಬೇಡ, ಏನಾಗುತ್ತದೋ ನೋಡು ಎಂದೆ. "ನಿನ್ ಪರೀಕ್ಷೆಗೆ ನಮ್ಮ ಹಸಾನೇ ಬೇಕಾ?"

ತಂಗಿಯ ಮಗ, ಆ ಹುಡುಗಿಯ ಗಂಡ, ವಸಂತನರಸಾಪುರದಲ್ಲಿ ಮೆಷಿನ್ ರಿಪೇರಿ ಮಾಡುವವನು. ಮೆಷಿನ್ ನಿಂತರೆ ಒಂದೊಂದೇ ಭಾಗ ಬಿಚ್ಚಿ ತಪ್ಪು ಹುಡುಕುತ್ತಾನೆ. ಮನೆಯಲ್ಲಿ ಮೊಬೈಲ್ ಉಜ್ಜುತ್ತ ಕೂತಿದ್ದ.

"ನೀನಾದ್ರೂ ಹೇಳೋ."

"ಅಮ್ಮಂಗೆ ಯಾರ್ ಹೇಳ್ತಾರೆ ಬುಡಿ ಮಾವ."

ಕೊನೆಗೆ ನಾನೇ ಕುಣಿಗಲ್‌ಗೆ ಹೋಗಿ ಹುಡುಗಿಯನ್ನು ಕರೆದೆ. ಅವಳು ಕಾಫಿ ಕೊಟ್ಟು, ನನ್ನ ವಿವರಣೆಯನ್ನೆಲ್ಲ ಕೇಳಿಸಿಕೊಂಡಳು.

"ಬರ್ತೀನಿ ಮಾವ. ಹಸ ಚೆನ್ನಾಗೇ ಇರ್ತದೆ. ನಾಳೆ ಬೋರ್‌ವೆಲ್ ಮೋಟ್ರು ಸುಟ್ಟೋದ್ರೆ? ಅತ್ತೆಗೆ ಮಂಡಿನೋವು ಬಂದ್ರೆ?"

ನಾನು ಕಾಫಿ ಲೋಟ ಕೆಳಗಿಟ್ಟೆ.

"ಹಸ ಮಲ್ಗಿದ್ದು ಅನ್ನದಿಂದ ಅಂತ ನಿಮ್ಮಳಿಯ ಅವ್ರಮ್ಮನ ಮುಂದೆ ಒಂದ್ಸಲ ಹೇಳ್ಲಿ. ಆಮೇಲೆ ಅವ್ರೇ ಬಂದು ಕರ್ಕೊಂಡೋಗ್ಲಿ."

ಬಸ್ ಸ್ಟ್ಯಾಂಡಿನಿಂದಲೇ ಅವನಿಗೆ ಫೋನ್ ಮಾಡಿ ಅವಳ ಮಾತನ್ನು ಇದ್ದ ಹಾಗೆ ತಿಳಿಸಿದೆ. ಶಿಫ್ಟಿನಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ ಎಂದ. ಇನ್ನೂ ಮಾಡಿಲ್ಲ.