ಮಂಟಪದ ಕಂಬದ ಹತ್ತು ಸಾಲು

ಚಿಕ್ಕಬಳ್ಳಾಪುರದ ತಾಲ್ಲೂಕು ಕಚೇರಿಗೆ ನಾನು ಟೈಪಿಸ್ಟಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅರವತ್ತರ ದಶಕದ ಮೊದಲ ದಿನಗಳು. ಮಂಡಿಕಲ್ ಕಡೆಯ ಒಂದು ಹಳ್ಳಿಯಲ್ಲಿ, ಕೆರೆ ಪಕ್ಕದ ಕಲ್ಲುಮಂಟಪ ಕೆಡವಿ ರಸ್ತೆ ಅಗಲ ಮಾಡಬೇಕೆಂಬ ಆದೇಶವನ್ನು ನನ್ನಿಂದಲೇ ಟೈಪು ಮಾಡಿಸಿದರು. ‘ಉಪಯೋಗವಿಲ್ಲದ ಪಾಳು ಕಟ್ಟಡ’ ಎಂಬರ್ಥದ ಇಂಗ್ಲಿಷ್ ಮಾತುಗಳನ್ನು ಯೋಚನೆಯಿಲ್ಲದೆ ಬಡಿದು ಮುಗಿಸಿದೆ.

ವಾರದ ಮೇಲೆ, ರೆಕಾರ್ಡ್ ರೂಮು ನೋಡಿಕೊಳ್ಳುತ್ತಿದ್ದ ಹಿರಿಯರು ಗೆದ್ದಲು ಹತ್ತಿದ ಪುಸ್ತಕಗಳನ್ನು ಬಿಸಿಲಿಗೆ ಹರವಿದ್ದರು. ಅದರಲ್ಲೊಂದನ್ನು ಹಿಡಿದು ನನ್ನ ಮೇಜಿಗೆ ಬಂದರು. ಮಹಾರಾಜರ ಕಾಲದ ಸರ್ಕಾರಿ ವರದಿ. ವಿವರವೆಲ್ಲ ಇಂಗ್ಲಿಷ್, ಶಾಸನಗಳ ಪಾಠ ಮಾತ್ರ ಕನ್ನಡ.

“ನೀನು ಟೈಪ್ ಮಾಡಿದ್ಯಲ್ಲ, ಆ ಮಂಟಪ ಇದ್ರಲ್ಲಿದೆ ಕಣಮ್ಮ. ಓದು.”

ಕಂಬದ ಮೇಲೆ ಹತ್ತು ಸಾಲಿನ ಶಾಸನವಿತ್ತಂತೆ. ದೂರದಿಂದ ನೀರು ಹೊತ್ತು ತರುವಾಗ ದಾರಿಯಲ್ಲೇ ಪ್ರಾಣಬಿಟ್ಟ ಮಗಳ ಹೆಸರಿನಲ್ಲಿ ಒಬ್ಬ ತಾಯಿ ಕೆರೆ ಕಟ್ಟಿಸಿ, ದಾರಿಹೋಕರ ನೆರಳಿಗೆಂದು ಮಂಟಪ ನಿಲ್ಲಿಸಿದ್ದಳು.

ವರದಿಯನ್ನು ತಹಸೀಲ್ದಾರರ ಮುಂದಿಟ್ಟೆವು. ಅವರು ಎರಡು ಸಲ ಓದಿ, ಕೆಲಸ ನಿಲ್ಲಿಸುವಂತೆ ಕೈಯಲ್ಲೇ ಬರೆದುಕೊಟ್ಟರು. ಅಂದೇ ಮಧ್ಯಾಹ್ನದ ಬಸ್ಸಿಗೆ, ವರದಿಯನ್ನೂ ಹಿಡಿದು, ನಾನೂ ಹಿರಿಯರೂ ಹೊರಟೆವು.

ನಾವು ಮುಟ್ಟುವಷ್ಟರಲ್ಲಿ ಮಂಟಪವಿರಲಿಲ್ಲ. ಚಪ್ಪಡಿಗಳು ಮೋರಿಗೆ ಸೇರಿದ್ದವು. ಶಾಸನದ ಕಂಬದ ಮೇಲರ್ಧ ಬದುವಿನಲ್ಲಿ ಬಿದ್ದಿತ್ತು. ಕೆಳಗಿನ ಅರ್ಧ ಜಲ್ಲಿಯಾಗಿತ್ತು. ಹಿರಿಯರು ಕಾಗದವನ್ನು ಮಡಿಸಿ ಜೇಬಿಗಿಟ್ಟು, ಕಲ್ಲಿನ ಪಕ್ಕ ಕುಳಿತುಬಿಟ್ಟರು.

ಊರ ಹೆಂಗಸರು ಬಂದು ಸೇರಿದರು. “ಏನ್ ಬರ್ದಿತ್ತಮ್ಮ ಅದ್ರಲ್ಲಿ? ನಮ್ಗೆ ಯಾರೂ ಹೇಳ್ಲೇ ಇಲ್ಲ,” ಎಂದು ಒಬ್ಬರು ಅಜ್ಜಿ ಕೇಳಿದರು.

ಮೊದಲ ಸಾಲುಗಳನ್ನು ಕಲ್ಲಿನ ಮೇಲೆ ಬೆರಳಾಡಿಸುತ್ತ ಓದಿದೆ, ಉಳಿದವನ್ನು ವರದಿ ನೋಡಿಕೊಂಡು. ಮಗಳ ಹೆಸರಿದ್ದದ್ದು ಒಡೆದುಹೋದ ಸಾಲಿನಲ್ಲಿ.

“ಅಯ್ಯೋ ತಲ್ಲಿ, ನನ್ ತಾಯಿ,” ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಆಯಮ್ಮನ ಕೆರೆ ನೀರೇ ಕುಡೀತಿದ್ವಿ, ಹೆಸ್ರೇ ಗೊತ್ತಿಲ್ದಂಗೆ.”

“ಕೆಡವೋ ಆರ್ಡರ್ ಟೈಪ್ ಮಾಡಿದೋಳು ನಾನೇ,” ಎಂದೆ. ಯಾರೂ ಬೈಯಲಿಲ್ಲ. ಒಬ್ಬಾಕೆ ಕುಡಿಯಲು ನೀರು ತಂದುಕೊಟ್ಟಳು.

ಉಳಿದ ತುಂಡನ್ನು ಊರವರು ಗಾಡಿಯಲ್ಲಿ ಸಾಗಿಸಿ ಶಾಲೆಯ ಮುಂದೆ ನೆಟ್ಟರು. ಹತ್ತೂ ಸಾಲುಗಳನ್ನು ನಾನು ದಪ್ಪಕ್ಷರದಲ್ಲಿ ಬರೆದು, ಗಾಜಿನ ಕಟ್ಟು ಹಾಕಿಸಿ ಕೊಟ್ಟೆ. ಮಾರನೆಯ ವರ್ಷ ಆ ಊರಿನಲ್ಲಿ ಹುಟ್ಟಿದ ಹೆಣ್ಣುಮಗುವೊಂದಕ್ಕೆ ಆ ಮಗಳ ಹೆಸರಿಟ್ಟರಂತೆ. ಆ ಸುದ್ದಿಯನ್ನು ರೆಕಾರ್ಡ್ ರೂಮಿನ ಹಿರಿಯರೇ ಬಂದು ಹೇಳಿದರು. ಅದು ಅವರು ಕೆಲಸದಿಂದ ನಿವೃತ್ತರಾಗುವ ವಾರ.